ಹೆಗಲ ಮೇಲೆ ಉದುರುವ ಹೊಟ್ಟು

ಕಳೆದ ವರ್ಷ ನಮ್ಮ ಕಾಲೇಜಿನ ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ಅಂತರ ಕಾಲೇಜು ಚರ್ಚಾಸ್ಪರ್ಧೆಯಿಂದ ತನ್ನ ಹೆಸರನ್ನು ಹಿಂತೆಗೆದುಕೊಂಡನು. ಅವನ ತರಗತಿಯಲ್ಲಿ ಅವನಷ್ಟು ಚೆನ್ನಾಗಿ ಮಾತನಾಡಬಲ್ಲವರು ಇನ್ನೊಬ್ಬರಿರಲಿಲ್ಲ. ಕಾರಣವೇನೆಂದು ಕೇಳಿದಾಗ ಮೊದಮೊದಲು ಏನೇನೋ ನೆಪಗಳನ್ನು ಹೇಳಿದನು. ಕೊನೆಗೆ ತಲೆ ತಗ್ಗಿಸಿಕೊಂಡು, “ತಂಡದವರೆಲ್ಲ ಕಪ್ಪು ಕೋಟು ಹಾಕಿಕೊಳ್ಳಬೇಕಂತೆ, ಸಾರ್” ಎಂದನು. ಅವನು ತಲೆ ತಗ್ಗಿಸಿದಾಗಲೇ ನನಗೆ ವಿಷಯ ತಿಳಿಯಿತು. ಕೂದಲಿನ ನಡುವೆ ಬಿಳಿಯ ಹೊಟ್ಟು ಹರಡಿತ್ತು; ಅದಕ್ಕಿಂತ ಹೆಚ್ಚಾಗಿ, ಅಲ್ಲಲ್ಲಿ ಚರ್ಮವು ಕೆಂಪಗೆ ಕಿತ್ತುಹೋದಂತಿತ್ತು. ಒಂದು ತಿಂಗಳಿಂದ ಪ್ರತಿದಿನವೂ ನಿಂಬೆಹಣ್ಣಿನ ಹೋಳಿನಿಂದ ತಲೆಯನ್ನು ಉಜ್ಜುತ್ತಿದ್ದನಂತೆ. ರಾತ್ರಿ ಎಣ್ಣೆ, ಬೆಳಗ್ಗೆ ನಿಂಬೆಹಣ್ಣು. “ಎಣ್ಣೆ ಹಚ್ಚಿದ ದಿನ ಪೂರ್ತಿ ಹೋಗಿಬಿಡುತ್ತೆ ಸಾರ್, ತಲೆಗೆ ನೀರು ಹಾಕಿಕೊಂಡ ಮರುದಿನ ಮತ್ತೆ ಬರುತ್ತೆ” ಎಂಬುದು ಅವನ ದೂರು.

ಈ ಕೊನೆಯ ಮಾತು ನನ್ನ ಕುತೂಹಲವನ್ನು ಕೆರಳಿಸಿತು. ನಾನು ವೈದ್ಯನಲ್ಲ, ಭೌತಶಾಸ್ತ್ರದ ಅಧ್ಯಾಪಕ. ಆದರೆ ಎಣ್ಣೆ ತಗಲಿದ ಕೂಡಲೇ ಮಾಯವಾಗುವ ಬಿಳುಪು ವೈದ್ಯಕ್ಕಿಂತ ಬೆಳಕಿನ ಶಾಸ್ತ್ರಕ್ಕೆ ಹೆಚ್ಚು ಹತ್ತಿರವಾದ ಸಂಗತಿಯೆಂದು ತೋರಿತು. ಅವನನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿ, ಗಾಜಿನ ಫಲಕವೊಂದನ್ನು ಕಪ್ಪು ಕಾಗದದ ಮೇಲಿಟ್ಟು, ಅವನದೇ ತಲೆಯ ಎರಡು ಚೂರು ಹೊಟ್ಟನ್ನು ಅದರ ಮೇಲೆ ಹಾಕಿಸಿದೆನು. ಎರಡೂ ಸುಣ್ಣದಂತೆ ಬೆಳ್ಳಗೆ ಕಂಡವು. ಬಳಿಕ ಒಂದರ ಮೇಲೆ ಮಾತ್ರ ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಬಿಡಿಸಿದೆನು. ಅರೆ ನಿಮಿಷದೊಳಗೆ ಆ ಚೂರು ಕಣ್ಣಿಗೆ ಕಾಣದಂತಾಯಿತು. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅದು ಇದ್ದಲ್ಲಿಯೇ ಇತ್ತು.

ವಾಚಕರಲ್ಲಿ ಅನೇಕರಿಗೆ ಇದರ ಕಾರಣವು ಆಗಲೇ ಹೊಳೆದಿರಬಹುದು. ಬೋಂಡವನ್ನು ಕಟ್ಟಿಕೊಟ್ಟ ಕಾಗದದಲ್ಲಿ ಜಿಡ್ಡು ಹರಡಿದ ಕಡೆ ಅದು ಅರೆಪಾರದರ್ಶಕವಾಗುವುದನ್ನು ನೋಡದವರಾರು? ಬುನ್ಸೆನ್ನನ ಜಿಡ್ಡುಕಲೆಯ ದ್ಯುತಿಮಾಪಕದಲ್ಲಿ ನಡೆಯುವುದೂ ಇದೇ. ಗಾಜು ಪಾರದರ್ಶಕ, ಗಾಜಿನ ಪುಡಿ ಬಿಳುಪು. ನೀರು ಪಾರದರ್ಶಕ, ನೊರೆ ಬಿಳುಪು. ಚರ್ಮದ ಸತ್ತ ಕೋಶವೂ ಹಾಗೆಯೇ; ಒಂದೊಂದಾಗಿ ಅದಕ್ಕೆ ಹೇಳಿಕೊಳ್ಳುವಂಥ ಬಣ್ಣವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನಿಂದ ತುಂಬಿದ ತೆಳುವಾದ ಬಿಲ್ಲೆ. ಅದರ ವಕ್ರೀಭವನಾಂಕ ಸುಮಾರು 1.55. ಬೆಳಕು ಗಾಳಿಯಿಂದ ಇಂಥ ಮೇಲ್ಮೈಯ ಮೇಲೆ ನೇರವಾಗಿ ಬಿದ್ದಾಗ ನೂರರಲ್ಲಿ 4.6 ಪಾಲು ಹಿಂದಿರುಗುತ್ತದೆ. ಇದು ಅಲ್ಪವೇ ಸರಿ. ಆದರೆ ಹೊಟ್ಟಿನ ಒಂದು ಚೂರಿನಲ್ಲಿ ಇಂಥ ಬಿಲ್ಲೆಗಳು ಒಂದರ ಮೇಲೊಂದು ಅಡಕಲಾಗಿದ್ದು, ನಡುನಡುವೆ ಗಾಳಿ ಸೇರಿಕೊಂಡಿರುತ್ತದೆ. ಹತ್ತು ಪದರಗಳಿವೆಯೆಂದೂ ಪ್ರತಿಯೊಂದು ಸಂದಿನಲ್ಲಿಯೂ ಗಾಳಿಯಿದೆಯೆಂದೂ ಇಟ್ಟುಕೊಂಡರೆ ಒಟ್ಟು 20 ಮೇಲ್ಮೈಗಳಾಗುವುವು. ಬೆಳಕು ಅವುಗಳ ನಡುವೆ ಹಿಂದುಮುಂದಾಗಿ ಪುಟಿಯುವುದನ್ನೆಲ್ಲ ಲೆಕ್ಕ ಹಾಕಿದರೆ ಬಿದ್ದ ಬೆಳಕಿನಲ್ಲಿ ಸುಮಾರು ಅರ್ಧದಷ್ಟು ಹಿಂದಿರುಗಿ ಬರುವುದು. ಎಲ್ಲ ಬಣ್ಣದ ಕಿರಣಗಳೂ ಒಂದೇ ರೀತಿಯಲ್ಲಿ ಹಿಂದಿರುಗುವುದರಿಂದ ಚೂರು ಬೆಳ್ಳಗೆ ಕಾಣುವುದು. ಇನ್ನು ಕೊಬ್ಬರಿ ಎಣ್ಣೆಯ ವಕ್ರೀಭವನಾಂಕ ಸುಮಾರು 1.45. ಅದು ಸಂದುಗಳಲ್ಲಿ ಇಳಿದು ಗಾಳಿಯನ್ನು ಹೊರದೂಡಿದ ಮೇಲೆ ಒಂದೊಂದು ಮೇಲ್ಮೈಯಿಂದಲೂ ಹಿಂದಿರುಗುವ ಬೆಳಕು ನೂರರಲ್ಲಿ 0.1 ಪಾಲು ಮಾತ್ರ. ಹೊರಮೈಯ ಪ್ರತಿಫಲನವನ್ನು ಸೇರಿಸಿಕೊಂಡರೂ ಒಟ್ಟು ಐದಾರು ಪಾಲನ್ನು ಮೀರುವುದಿಲ್ಲ. ಎಣ್ಣೆಯು ಹೊಟ್ಟನ್ನು ಹೋಗಲಾಡಿಸಲಿಲ್ಲ, ಅಡಗಿಸಿತು.

ಅಂದಮೇಲೆ ಈ ಹೊಟ್ಟು ಎಲ್ಲಿಂದ ಬರುತ್ತದೆ? ಧಾನ್ಯವನ್ನು ಕೇರಿದಾಗ ಹಾರಿಹೋಗುವ ಹಗುರವಾದ ಸಿಪ್ಪೆಗೆ ನಾವು ಹೊಟ್ಟು ಎನ್ನುತ್ತೇವೆ. ಗ್ರೀಕರಿಗೂ ಇದೇ ಹೋಲಿಕೆ ಹೊಳೆದಿತ್ತೆಂಬುದು ಸ್ವಾರಸ್ಯವಾದ ಸಂಗತಿ. ವೈದ್ಯಗ್ರಂಥಗಳಲ್ಲಿ ಬರುವ ‘ಪಿಟಿರಿಯಾಸಿಸ್’ ಎಂಬ ಪದವು ತವುಡು ಎಂಬರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದುದು. ನಮ್ಮ ಚರ್ಮದ ಹೊರಪದರದ ತಳದಲ್ಲಿ ಹೊಸ ಕೋಶಗಳು ಸದಾ ಹುಟ್ಟುತ್ತಿರುತ್ತವೆ. ಅವು ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುತ್ತ, ಚಪ್ಪಟೆಯಾಗಿ, ಒಣಗಿ, ಸತ್ತು, ಕಡೆಗೆ ಉದುರಿಹೋಗುತ್ತವೆ. ಈ ಪ್ರಯಾಣಕ್ಕೆ ಸುಮಾರು ನಾಲ್ಕು ವಾರ ಹಿಡಿಯುವುದು. ಆದುದರಿಂದ ಚರ್ಮ ಉದುರುವುದು ರೋಗವಲ್ಲ. ಉದುರದವರು ಯಾರೂ ಇಲ್ಲ. ಆದರೆ ಒಂದೊಂದು ಕೋಶದ ಅಗಲ ಸುಮಾರು 0.03 ಮಿ.ಮೀ. ಮಾತ್ರ, 25 ಸೆಂ.ಮೀ. ದೂರದಲ್ಲಿ ನಮ್ಮ ಕಣ್ಣು ಬೇರೆಬೇರೆಯಾಗಿ ಗುರುತಿಸಬಲ್ಲ ಅತ್ಯಲ್ಪ ಅಂತರವು ಸುಮಾರು 0.07 ಮಿ.ಮೀ. ಬಿಡಿಬಿಡಿಯಾಗಿ ಉದುರುವ ಕೋಶಗಳು ಯಾರ ಕಣ್ಣಿಗೂ ಬೀಳದಿರುವುದು ಇದರಿಂದಲೇ. ಹೊಟ್ಟು ಏಳುವ ತಲೆಯಲ್ಲಿ ಕೋಶಗಳ ಪ್ರಯಾಣ ಬಹು ಅವಸರದಲ್ಲಿ ನಡೆಯುತ್ತದೆ. ಪೂರ್ತಿ ಮಾಗುವುದಕ್ಕೆ ಮೊದಲೇ ಮೇಲೆ ಬಂದ ಅವು ಒಂದನ್ನೊಂದು ಬಿಡದೆ, ಹಿಂಡುಹಿಂಡಾಗಿ ಕಳಚಿಕೊಳ್ಳುತ್ತವೆ. ಒಂದು ಮಿ.ಮೀ. ಉದ್ದ, ಒಂದು ಮಿ.ಮೀ. ಅಗಲದ ಚೂರಿನಲ್ಲಿ ಒಂದು ಪದರಕ್ಕೆ ಸಾವಿರದಷ್ಟು ಕೋಶಗಳು. ಹತ್ತು ಪದರವಿದ್ದರೆ ಹತ್ತು ಸಾವಿರ. ಕೋಟಿನ ಮೇಲೆ ನಮಗೆ ಕಾಣುವುದು ಈ ಹಿಂಡು.

ಈ ಅವಸರಕ್ಕೆ ಕಾರಣವನ್ನು ಹುಡುಕಿದ ಕಥೆ ನೂರು ವರ್ಷಕ್ಕಿಂತ ಹೆಚ್ಚು ದೀರ್ಘವಾದುದು. ಯಾವುದನ್ನು ಕಾರಣವೆನ್ನಬೇಕು, ಯಾವುದನ್ನು ಪರಿಣಾಮವೆನ್ನಬೇಕು ಎಂಬುದು ವಿಜ್ಞಾನದಲ್ಲಿ ಎಷ್ಟು ತೊಡಕಿನ ಪ್ರಶ್ನೆಯಾಗಬಲ್ಲುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. 1874ರಲ್ಲಿ ಫ್ರಾನ್ಸಿನ ಲೂಯಿ ಶಾರ್ಲ್ ಮಲಸ್ಸೇ ಎಂಬವರು ತಲೆಯ ಹೊಟ್ಟಿನಲ್ಲಿ ಯೀಸ್ಟ್ ಜಾತಿಯ ಸೂಕ್ಷ್ಮವಾದ ಶಿಲೀಂಧ್ರವೊಂದನ್ನು ಕಂಡು ವರ್ಣಿಸಿದರು. ಇಂದು ಅದರ ಕುಲಕ್ಕೆ ಅವರ ಹೆಸರಿನಿಂದಲೇ ಮಲಸೇಜಿಯ ಎನ್ನುತ್ತಾರೆ. ಅಪರಾಧಿ ಸಿಕ್ಕಿದನೆಂದು ಹಲವರು ಭಾವಿಸಿದರು. ಆದರೆ ಹೊಟ್ಟೇ ಇಲ್ಲದವರ ತಲೆಯಲ್ಲಿಯೂ ಅದೇ ಯೀಸ್ಟ್ ಕಂಡುಬಂದಿತು. ಎಲ್ಲರ ಮನೆಯಲ್ಲಿಯೂ ಇರುವ ಆಳನ್ನು ಒಬ್ಬರ ಮನೆಯ ಕಳ್ಳತನಕ್ಕೆ ಹೊಣೆಮಾಡುವುದು ಹೇಗೆ? 1976ರಲ್ಲಿ ಅಮೆರಿಕದ ಲೈಡನ್, ಕ್ಲಿಗ್ಮನ್ ಮೊದಲಾದವರು, ಯೀಸ್ಟಿನಿಂದ ಹೊಟ್ಟು ಹುಟ್ಟುವುದಿಲ್ಲ, ಹೊಟ್ಟು ಹೆಚ್ಚಿದ ಕಡೆ ಯೀಸ್ಟ್ ಹುಲುಸಾಗುತ್ತದೆ, ಅಷ್ಟೇ ಎಂದು ವಾದಿಸಿದರು. 1984ರಲ್ಲಿ ಇಂಗ್ಲೆಂಡಿನ ಸ್ಯಾಮ್ ಶುಸ್ಟರ್ ಇದಕ್ಕೆ ಪ್ರತಿಯಾಗಿ ಒಂದು ಸರಳವಾದ ತರ್ಕವನ್ನು ಮುಂದಿಟ್ಟರು: ಹೊಟ್ಟನ್ನು ಇಳಿಸುವ ಔಷಧಗಳ ರಾಸಾಯನಿಕ ರಚನೆಯಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲ, ಅವೆಲ್ಲಕ್ಕೂ ಸಮಾನವಾದ ಗುಣವೆಂದರೆ ಯೀಸ್ಟನ್ನು ಕೊಲ್ಲುವುದು. ಅಂದಮೇಲೆ ಯೀಸ್ಟ್ ನಿರಪರಾಧಿಯಲ್ಲ.

ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದ್ದಿತೆಂದು ಮುಂದೆ ತಿಳಿದುಬಂದಿತು. 2007ರಲ್ಲಿ ಮಲಸೇಜಿಯ ಗ್ಲೋಬೋಸ ಎಂಬ ಪ್ರಭೇದದ ಸಮಗ್ರ ಜೀನ್‌ಸಮೂಹವು ಪ್ರಕಟವಾದಾಗ, ತನಗೆ ಬೇಕಾದ ಮೇದಾಮ್ಲಗಳನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಈ ಜೀವಿಗೆ ಇಲ್ಲವೆಂಬುದು ಸ್ಪಷ್ಟವಾಯಿತು. ಅಡಿಗೆ ಬಾರದವನು ನೆರೆಮನೆಯನ್ನು ಆಶ್ರಯಿಸುವಂತೆ ಅದು ನಮ್ಮ ಮೇದೋಗ್ರಂಥಿಗಳು ಸುರಿಸುವ ಜಿಡ್ಡನ್ನು ಆಶ್ರಯಿಸಿದೆ. ಲೈಪೇಸ್ ಎಂಬ ಕಿಣ್ವಗಳಿಂದ ಜಿಡ್ಡನ್ನು ಒಡೆದು, ಅದರಲ್ಲಿನ ಪರ್ಯಾಪ್ತ ಮೇದಾಮ್ಲಗಳನ್ನು ತಾನು ಉಂಡು, ಓಲಿಯಿಕ್ ಆಮ್ಲದಂಥ ಅಪರ್ಯಾಪ್ತ ಮೇದಾಮ್ಲಗಳನ್ನು ಎಂಜಲಾಗಿ ಬಿಡುತ್ತದೆ. ಚರ್ಮದೊಳಕ್ಕೆ ಇಳಿದು ಕೆರಳಿಸುವುದು ಈ ಎಂಜಲು. ಯೀಸ್ಟನ್ನು ತೆಗೆದುಹಾಕಿ, ಬರಿಯ ಓಲಿಯಿಕ್ ಆಮ್ಲವನ್ನು ತಲೆಗೆ ಲೇಪಿಸಿ ಪರೀಕ್ಷಿಸಿದಾಗ, ಹೊಟ್ಟಿನ ಪ್ರವೃತ್ತಿಯುಳ್ಳವರಲ್ಲಿ ಹೊಟ್ಟು ಎದ್ದಿತು, ಉಳಿದವರಲ್ಲಿ ಏಳಲಿಲ್ಲ. ಜಿಡ್ಡು, ಯೀಸ್ಟ್, ಆಯಾ ವ್ಯಕ್ತಿಯ ಚರ್ಮದ ಸ್ವಭಾವ, ಈ ಮೂರೂ ಕೂಡಿದಾಗಲೇ ಹೊಟ್ಟು ಹುಟ್ಟುವುದು. ಮೊದಲನೆಯದನ್ನು ನಾವು ಕೊಂಚಮಟ್ಟಿಗೆ ತೊಳೆಯಬಹುದು; ಎರಡನೆಯದನ್ನು ಔಷಧದಿಂದ ಹದ್ದಿನಲ್ಲಿಡಬಹುದು; ಮೂರನೆಯದು ನಮ್ಮ ಕೈಯಲ್ಲಿಲ್ಲ. ಹೊಟ್ಟು ವಾಸಿಯಾದ ಮೇಲೂ ಮರಳಿ ಬರುವುದು ಇದರಿಂದಲೇ. ‘ಶಾಶ್ವತ ಪರಿಹಾರ’ ಎಂಬ ಜಾಹೀರಾತನ್ನು ಕಂಡಾಗ ವಿದ್ಯಾರ್ಥಿಗಳು ಕೈಚೀಲವನ್ನು ಭದ್ರಪಡಿಸಿಕೊಳ್ಳುವುದು ಒಳ್ಳೆಯದು.

ಮೇದೋಗ್ರಂಥಿಗಳು ಚುರುಕಾಗುವುದು ಹರೆಯದಲ್ಲಿ. ಹೈಸ್ಕೂಲು ಕಾಲೇಜುಗಳ ವಯಸ್ಸಿನಲ್ಲಿಯೇ ಹೊಟ್ಟು ಮೊದಲಾಗುವುದು ಆಕಸ್ಮಿಕವಲ್ಲ; ಮೊಡವೆಗಳು ಮೂಡುವುದೂ ಇದೇ ಕಾಲದಲ್ಲಿ ತಾನೇ? ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಕಾಲದಲ್ಲಿ ಇದರ ಕಾಟ ಇದ್ದೇ ಇರುತ್ತದೆಂದು ಚರ್ಮವೈದ್ಯರ ಅಂದಾಜು. ಹೊಟ್ಟು ಇರುವವನು ಕೊಳಕನೆಂದು ಹಿಂದಿನ ಬೆಂಚಿನಿಂದ ನಗುವವರು ಇದನ್ನು ಗಮನಿಸಬೇಕು. ಯೀಸ್ಟ್ ನಗುವವರ ತಲೆಯಲ್ಲಿಯೂ ಇದೆ. ಬಾಚಣಿಗೆಯಿಂದ ಹೇನು ಅಂಟಬಹುದು, ಹುಳುಕಡ್ಡಿ ಅಂಟಬಹುದು, ಹೊಟ್ಟು ಅಂಟುವುದಿಲ್ಲ.

ಇನ್ನು ಉಪಾಯಗಳ ವಿಚಾರ. ಸೀಗೇಕಾಯಿ, ಅಂಟುವಾಳಗಳಲ್ಲಿರುವ ಸ್ಯಾಪೊನಿನ್‌ಗಳು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ ಜಿಡ್ಡನ್ನು ತೊಳೆಯುತ್ತವೆ. ಹೊಟ್ಟು ಅಲ್ಪವಾಗಿದ್ದರೆ ತಲೆಯನ್ನು ಹೀಗೆ ಆಗಾಗ ತೊಳೆದುಕೊಳ್ಳುವುದೇ ಸಾಕಾದೀತು. ಆದರೆ ಎಣ್ಣೆಯನ್ನು ರಾತ್ರಿಯೆಲ್ಲ ತಲೆಯಲ್ಲಿ ಬಿಡುವುದು ಬೇರೆ ಮಾತು. ಪ್ರಯೋಗಶಾಲೆಯಲ್ಲಿ ಈ ಯೀಸ್ಟುಗಳನ್ನು ಸಾಕುವವರು ಅದರ ಆಹಾರಕ್ಕೆ ಆಲಿವ್ ಎಣ್ಣೆಯನ್ನು ಸೇರಿಸುವುದುಂಟು ಎಂದರೆ ಸಾಕಲ್ಲವೆ? ಕೂದಲಿನ ಎಳೆಗೆ ಕೊಬ್ಬರಿ ಎಣ್ಣೆ ಹಿತವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹೊಟ್ಟು ಬಲವಾಗಿರುವಾಗ ಮಾತ್ರ ಅದನ್ನು ಬುಡಕ್ಕೆ ತಿಕ್ಕದಿರುವುದು ಲೇಸು. ಅಭ್ಯಂಜನವನ್ನು ಬಿಡಲೊಲ್ಲದವರು ಅದೇ ಹೊತ್ತಿಗೆ ಚೆನ್ನಾಗಿ ತೊಳೆದುಕೊಳ್ಳಲಿ. ನಿಂಬೆರಸವಂತೂ ಕಿತ್ತುಹೋದ ಚರ್ಮವನ್ನು ಇನ್ನೂ ಕೆರಳಿಸುತ್ತದೆ. ಅಷ್ಟೇ ಅಲ್ಲ, ನಿಂಬೆಯ ಜಾತಿಯ ಹಣ್ಣುಗಳಲ್ಲಿರುವ ಕೆಲವು ವಸ್ತುಗಳು ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಚರ್ಮವನ್ನು ಸುಟ್ಟಂತೆ ಮಾಡಬಲ್ಲವು; ನಿಂಬೆರಸ ಹಚ್ಚಿಕೊಂಡು ಬಿಸಿಲಿನಲ್ಲಿ ತಲೆ ಒಣಗಿಸುವವರಿಗೆ ಇದು ಎಚ್ಚರಿಕೆ.

ಇದಕ್ಕೆ ಬಗ್ಗದಿದ್ದರೆ ಔಷಧಯುಕ್ತವಾದ ಶಾಂಪೂ ಬೇಕಾಗುವುದು. ಝಿಂಕ್ ಪೈರಿಥಿಯೋನ್, ಸೆಲೆನಿಯಮ್ ಸಲ್ಫೈಡ್, ಕೀಟೊಕೊನಜೋಲ್ ಎಂಬಿವು ಮುಖ್ಯವಾದುವು. ಇವುಗಳಲ್ಲಿ ಮೊದಲನೆಯದು ನೀರಿನಲ್ಲಿ ಬಹು ಅಲ್ಪವಾಗಿ ಕರಗುವ ವಸ್ತು. ಅದು ಸೂಕ್ಷ್ಮ ಕಣಗಳಾಗಿ ಶಾಂಪೂವಿನಲ್ಲಿ ತೇಲುತ್ತಿದ್ದು, ತಲೆಯನ್ನು ತೊಳೆದ ಮೇಲೂ ಸ್ವಲ್ಪಾಂಶ ಚರ್ಮದ ಮೇಲೆ ಉಳಿದು ಕೆಲಸ ಮಾಡುತ್ತದೆ. ಯೂರೋಪಿನ ಒಕ್ಕೂಟದವರು 2022ರ ಮಾರ್ಚಿಯಿಂದ ಇದನ್ನು ಸೌಂದರ್ಯಸಾಧನಗಳಲ್ಲಿ ನಿಷೇಧಿಸಿದರು. ಶೇಕಡಾ 2ರ ಕೀಟೊಕೊನಜೋಲ್ ಶಾಂಪೂವನ್ನು ಸಾಮಾನ್ಯವಾಗಿ ವಾರಕ್ಕೆ ಎರಡು ಬಾರಿಯಂತೆ ಎರಡರಿಂದ ನಾಲ್ಕು ವಾರ ಬಳಸಿ, ಬಳಿಕ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಮುಂದುವರಿಸುತ್ತಾರೆ. ಅದೇ ಔಷಧದ ಮಾತ್ರೆಗಳನ್ನು ಯಾರೋ ಹೇಳಿದರೆಂದು ನುಂಗಬಾರದು. ಅವುಗಳಿಂದ ಯಕೃತ್ತಿಗೆ ಅಪಾಯವುಂಟಾಗಬಹುದು. ಅಂಗಡಿಯಲ್ಲಿ ಕೇಳಿ ತರುವ ಸ್ಟಿರಾಯಿಡ್ ಮುಲಾಮುಗಳ ಮಾತೂ ಹಾಗೆಯೇ.

ನನ್ನ ವಿದ್ಯಾರ್ಥಿ ಒಂದು ಶಾಂಪೂವನ್ನು ಮೊದಲೇ ಕೊಂಡು ಪ್ರಯೋಜನವಾಗಲಿಲ್ಲವೆಂದು ಮೂಲೆಗೆ ಎಸೆದಿದ್ದನು. ವಿಚಾರಿಸಿದಾಗ ತಿಳಿದುದೇನೆಂದರೆ, ಎಣ್ಣೆಯ ತಲೆಯ ಮೇಲೆಯೇ ಅದನ್ನು ಹಾಕಿ, ನೊರೆ ಬಂದ ಕೂಡಲೇ ತೊಳೆದುಬಿಡುತ್ತಿದ್ದನು. ನೊರೆಯೇ ಔಷಧವೆಂಬ ಭ್ರಮೆ ಬಹಳ ಮಂದಿಗೆ ಇದೆ. ಔಷಧಕ್ಕೆ ಚರ್ಮದೊಡನೆ ಮೂರರಿಂದ ಐದು ನಿಮಿಷದ ಸಂಪರ್ಕ ಬೇಕು, ಅದನ್ನು ಕೂದಲಿಗಲ್ಲ, ಬೆರಳ ತುದಿಗಳಿಂದ ಬುಡಕ್ಕೆ ಹಚ್ಚಬೇಕು, ಉಗುರು ತಾಗಬಾರದು.

ಆದರೂ ನಾನು ಅವನನ್ನು ಮೊದಲು ಕಳುಹಿಸಿದ್ದು ಚರ್ಮವೈದ್ಯರ ಬಳಿಗೆ. ಬಿಳಿಯದೆಲ್ಲವೂ ಹೊಟ್ಟಲ್ಲ. ಕೂದಲನ್ನು ಹಿಡಿದೆಳೆದರೆ ಜಾರದೆ ಕಚ್ಚಿಕೊಂಡಿರುವುದು ಸೀರು. ದಪ್ಪನಾದ, ಬೆಳ್ಳಿಯ ಹೊಳಪಿನ ಹಕ್ಕಳೆಗಳು ಹಣೆಯಂಚನ್ನು ದಾಟಿ ಬಂದರೆ, ಇಲ್ಲವೆ ಮೊಣಕೈಗಳಲ್ಲಿಯೂ ಕಂಡರೆ ಅದು ಸೋರಿಯಾಸಿಸ್ ಇರಬಹುದು. ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಮುರಿದುಬಿದ್ದಿದ್ದರೆ ಹುಳುಕಡ್ಡಿಯನ್ನು ಶಂಕಿಸಬೇಕು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ಡರು ರೂಪಿಸಿದ ಅತಿನೇರಳೆ ದೀಪದ ಕೆಳಗೆ ಕೆಲವು ಬಗೆಯ ಹುಳುಕಡ್ಡಿಯ ಕೂದಲು ಹಸುರಾಗಿ ಬೆಳಗುತ್ತದೆ. ಆ ದೀಪ ಚರ್ಮವೈದ್ಯರ ಕೋಣೆಯಲ್ಲಿ ಇಂದಿಗೂ ಇದೆಯೆಂಬುದು ನಮ್ಮ ಶಾಸ್ತ್ರದವರಿಗೆ ಸ್ವಲ್ಪ ಹೆಮ್ಮೆಯ ವಿಷಯವೇ.

ವೈದ್ಯರು ಅವನದು ಬರಿಯ ಹೊಟ್ಟೆಂದೂ, ಗಾಯಗಳು ನಿಂಬೆಹಣ್ಣಿನ ಪ್ರಸಾದವೆಂದೂ ಹೇಳಿ ಕಳುಹಿಸಿದರು. ಗಾಯ ಮಾಯಲು ಒಂದು ವಾರ ಬೇಕಾಯಿತು. ನಾಲ್ಕನೆಯ ವಾರದ ಕೊನೆಯ ಹೊತ್ತಿಗೆ ಹೆಗಲು ಬಹುಮಟ್ಟಿಗೆ ಶುಭ್ರವಾಗಿತ್ತು. ಚರ್ಚಾಸ್ಪರ್ಧೆ ಅಷ್ಟರಲ್ಲಿ ಮುಗಿದುಹೋಗಿತ್ತು. ಡಿಸೆಂಬರಿನ ಚಳಿಯಲ್ಲಿ ಹೊಟ್ಟು ಮತ್ತೊಮ್ಮೆ ತಲೆದೋರಿದಾಗ ಅವನು ನನ್ನನ್ನೇನೂ ಕೇಳಲಿಲ್ಲ. ವಾರಕ್ಕೆರಡು ಬಾರಿಯ ಕ್ರಮಕ್ಕೆ ತಾನೇ ಹಿಂದಿರುಗಿದನು.