ರಂಪಣಿಯಿಂದ ಪರ್ಸಿನ್‌ವರೆಗೆ: ‘ತಂತ್ರಜ್ಞಾನ ಮತ್ತು ಸಮಾಜ’ ಪಾಠಕ್ಕೊಂದು ಕಡಲತಡಿಯ ಉದಾಹರಣೆ

‘ತಂತ್ರಜ್ಞಾನ ಮತ್ತು ಸಮಾಜ’ ಎಂಬ ಪಾಠಾಂಶ ಬಂದಾಗ ಪ್ರಶಿಕ್ಷಣಾರ್ಥಿಗಳಾದ ನಾವು ಸಾಮಾನ್ಯವಾಗಿ ಕಪ್ಪುಹಲಗೆಯ ನಡುವೆ ಒಂದು ಗೆರೆ ಎಳೆಯುತ್ತೇವೆ. ಎಡಕ್ಕೆ ಅನುಕೂಲ, ಬಲಕ್ಕೆ ಅನನುಕೂಲ. ಮಕ್ಕಳು ಮೊಬೈಲಿನ ಹೆಸರು ಹೇಳುತ್ತಾರೆ, ಪಟ್ಟಿ ತುಂಬುತ್ತದೆ, ಗಂಟೆ ಬಾರಿಸುತ್ತದೆ. ಆದರೆ ಈ ಪಟ್ಟಿ ಎರಡು ಪ್ರಶ್ನೆಗಳನ್ನು ಬಿಟ್ಟುಬಿಡುತ್ತದೆ: ಅನುಕೂಲ ಯಾರಿಗೆ? ಹೊಸ ಉಪಕರಣ ಬಂದ ಮೇಲೆ ಜನ ಏನು ಮಾಡಿದರು? ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಾಲೆಗಳಲ್ಲಿ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮೀನಿನ ಬಲೆಯೇ ಸಾಕು.

ಬಲೆಯೊಳಗಿನ ಸಮಾಜ

ರಂಪಣಿ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿಯೊಂದು ಅದನ್ನು ಕಡಲಿನಲ್ಲಿ ಅರ್ಧ ವೃತ್ತಾಕಾರವಾಗಿ ಬಿಟ್ಟು ಬರುತ್ತಿತ್ತು. ಎರಡೂ ತುದಿಗಳನ್ನು ಹತ್ತಾರು ಜನ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ದಡಕ್ಕೆ ಬಂದಾಗಲಷ್ಟೇ ಬೇಟೆ. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲವಾದ್ದರಿಂದ ಬಲೆಗೆ ತಂಡ ಬೇಕಿತ್ತು, ತಂಡಕ್ಕೆ ಪಾಲಿನ ನಿಯಮ ಬೇಕಿತ್ತು. ಮೀನು ಊರಿನ ದಡಕ್ಕೇ ಬರುತ್ತಿದ್ದುದರಿಂದ ಬುಟ್ಟಿ ಹೊತ್ತು ಮಾರುವ ಹೆಂಗಸರಿಗೆ ಅದು ಕೈಗೆಟಕುತ್ತಿತ್ತು. ಅಂದರೆ ಉಪಕರಣದ ಸ್ವರೂಪವೇ ದುಡಿಮೆಯ ಸ್ವರೂಪವನ್ನೂ ರೂಪಿಸಿತ್ತು.

ಬಲೆ ಬದಲಾದಾಗ

1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸಿನ್ ಬಲೆ ಬಂತು. ಯಾಂತ್ರಿಕ ಬೋಟು ಮೀನಿನ ಹಿಂಡನ್ನು ಕಡಲಿನಲ್ಲೇ ಸುತ್ತುವರಿದು, ಬಲೆಯ ಅಡಿಯ ಬಳೆಗಳಲ್ಲಿ ಹಾದ ಹಗ್ಗವನ್ನು ಸೆಳೆದು, ಸಂಚಿಯ ಬಾಯಿ ಕಟ್ಟಿದಂತೆ ಮುಚ್ಚುತ್ತದೆ. ದಡಕ್ಕೆ ಬರಬೇಕಾದ ಹಿಂಡು ದಾರಿಯಲ್ಲೇ ಬಲೆಗೆ ಬಿತ್ತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಮೀನು ದಡದ ಬದಲು ಬಂದರಿಗೆ ಇಳಿಯಿತು. ಹಂಚಿಕೆಯ ಜಾಗದಲ್ಲಿ ಹರಾಜು, ಮಂಜುಗಡ್ಡೆ, ಲಾರಿ ಬಂದವು. ಬಂಡವಾಳ ಇದ್ದವರಿಗೂ ಬೋಟಿನಲ್ಲಿ ಕೆಲಸ ಸಿಕ್ಕವರಿಗೂ ಇದು ಏಳಿಗೆ. ದಡದಲ್ಲಿ ಹಗ್ಗ ಹಿಡಿದಿದ್ದವರಿಗೆ ನಷ್ಟ. ಇಬ್ಬರ ನಡುವೆ ಘರ್ಷಣೆಯೂ ನಡೆಯಿತು.

ಸಮಾಜದ ಮರುತ್ತರ

ಪಾಠ ಇಲ್ಲಿಗೇ ನಿಂತರೆ ‘ಯಂತ್ರ ಬಂತು, ಜನ ಸೋತರು’ ಎಂಬ ಅರ್ಧಸತ್ಯ ಉಳಿಯುತ್ತದೆ. ಜನ ಸುಮ್ಮನೆ ಕೂರಲಿಲ್ಲ. ಕೆಲವರು ಪರ್ಸಿನ್ ಬೋಟುಗಳ ಪಾಲುದಾರರಾದರು. ಇನ್ನು ಕೆಲವರು ನಾಡದೋಣಿಗೆ ಔಟ್‌ಬೋರ್ಡ್ ಎಂಜಿನ್ ಕಟ್ಟಿ, ಸುತ್ತುವರಿಯುವ ಬಲೆಯನ್ನೇ ಚಿಕ್ಕದಾಗಿಸಿ ಮಾಟುಬಲೆ ಹೂಡಿದರು. ಸಣ್ಣ ಕೈರಂಪಣಿ ಈಗಲೂ ಅಲ್ಲಲ್ಲಿ ಉಳಿದಿದೆ. 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯಿದೆ ಬಂತು. ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧವಿದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಅವಕಾಶವಿದೆ. ಹಾಗಾಗಿ ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಲಂಗರು ಹಾಕಿರುವ ಮಳೆಗಾಲವೇ ಮರವಂತೆ, ಉಪ್ಪುಂದದ ನಾಡದೋಣಿಯವರಿಗೆ ಸುಗ್ಗಿಯ ನಿರೀಕ್ಷೆ. ಎಂಜಿನ್ನಿನ ಗಾತ್ರವನ್ನು ಇಲ್ಲಿ ನಿರ್ಧರಿಸಿದ್ದು ಕಾರ್ಖಾನೆಯಷ್ಟೇ ಅಲ್ಲ, ಕಾನೂನು ಕೂಡ. ಪ್ರಖರ ಬೆಳಕಿನಿಂದ ಮೀನನ್ನು ಸೆಳೆಯುವ ವಿಧಾನವನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ್ದೂ ಇದೇ ಸಾಲಿಗೆ ಸೇರುತ್ತದೆ.

ತರಗತಿಯಲ್ಲಿ

ಒಂದು ಎಚ್ಚರಿಕೆ. ನಮ್ಮ ತರಗತಿಯ ಒಂದೇ ಬೆಂಚಿನಲ್ಲಿ ಬೋಟಿನವರ ಮಗುವೂ ನಾಡದೋಣಿಯವರ ಮಗುವೂ ಕುಳಿತಿರಬಹುದು. ‘ಪರ್ಸಿನ್ ಕೆಟ್ಟದ್ದು’ ಎಂದು ಹಲಗೆಯ ಮೇಲೆ ಬರೆದರೆ ಒಬ್ಬನ ಅಪ್ಪನನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿದಂತೆ. ‘ಪ್ರಗತಿ’ ಎಂದಷ್ಟೇ ಬರೆದರೆ ಇನ್ನೊಬ್ಬಳ ಅಜ್ಜನ ದುಡಿಮೆಯನ್ನು ಅಳಿಸಿದಂತೆ. ಆದ್ದರಿಂದ ತೀರ್ಪನ್ನು ನಾವು ಕೊಡುವುದು ಬೇಡ. ಮಕ್ಕಳು ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಿ ಬರಲಿ:

1. ಆಗ ಬಲೆ ಎಳೆಯಲು ಎಷ್ಟು ಜನ ಬೇಕಿತ್ತು? ಈಗ ಎಷ್ಟು?
2. ಮೀನಿನ ಪಾಲು ಹೇಗೆ ಹಂಚುತ್ತಿದ್ದರು? ಈಗ ಹೇಗೆ?
3. ಹೊಸ ಸಾಧನ ಬಂದಾಗ ಮನೆಯವರು ಏನನ್ನು ಒಪ್ಪಿಕೊಂಡರು, ಏನನ್ನು ಬದಲಿಸಿಕೊಂಡರು?

ಘಟ್ಟದ ಬುಡದ ಶಾಲೆಗಳಲ್ಲಿ ಬಲೆಯ ಜಾಗಕ್ಕೆ ಭತ್ತದ ಕಟಾವು ಯಂತ್ರವನ್ನು ತರಬಹುದು, ಪ್ರಶ್ನೆಗಳು ಅವೇ. ಉತ್ತರಗಳನ್ನು ಹಲಗೆಯ ಮೇಲೆ ಬರೆಯುವಾಗ ನಡುವಿನ ಗೆರೆ ಮಾತ್ರ ಬೇಡ.