ಕತ್ತು ನೋವಿಗೆ ಬೇರೊಂದು ಕೀಲಿಮಣೆ

ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕುಳಿತು ದುಡಿಯುವವರಿಗೆ ಸಂಜೆಯಾಗುತ್ತಲೇ ಕತ್ತು ಹಿಡಿದುಕೊಳ್ಳುವುದು, ಭುಜ ಬಿಗಿಯುವುದು ಅಪರೂಪವೇನಲ್ಲ. ಮುಲಾಮು ಹಚ್ಚಿ ಮಲಗಿದರೆ ಆ ರಾತ್ರಿಗೆ ಶಮನವಾಗಬಹುದು. ಆದರೆ ಮರುದಿನ ಅದೇ ಭಂಗಿ, ಅದೇ ನೋವು.

ಲ್ಯಾಪ್‌ಟಾಪ್‌ನಲ್ಲಿ ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೈಗೆ ಅನುಕೂಲವಾಗುವಂತೆ ಇಟ್ಟರೆ ಪರದೆ ತಗ್ಗಿ, ತಲೆ ಬಾಗುತ್ತದೆ. ಕಣ್ಣಿಗೆ ಅನುಕೂಲವಾಗುವಂತೆ ಎತ್ತರಿಸಿದರೆ ಭುಜ ಮೇಲೇರಿ ಮಣಿಕಟ್ಟು ಮಡಚಿಕೊಳ್ಳುತ್ತದೆ. ವಯಸ್ಕರ ತಲೆಯ ತೂಕ ಸುಮಾರು 5 ಕಿಲೋ. ತಲೆ ಮುಂದಕ್ಕೆ ಬಾಗಿದಷ್ಟೂ ಕತ್ತಿನ ಹಿಂಭಾಗದ ಸ್ನಾಯುಗಳಿಗೆ ಭಾರ ಹೆಚ್ಚು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಆದ್ದರಿಂದ ಪರದೆ ಮತ್ತು ಕೀಲಿಮಣೆಯನ್ನು ಬೇರ್ಪಡಿಸುವುದೇ ಸರಿಯಾದ ಉಪಾಯ. ತಂತಿಯಿಲ್ಲದ ಬ್ಲೂಟೂತ್ ಕೀಲಿಮಣೆ ಇದಕ್ಕೆ ಸುಲಭ ಸಾಧನ.

ಜೋಡಿಸುವುದು ಹೇಗೆ?

ಮೊದಲು ಕೀಲಿಮಣೆಗೆ ಬ್ಯಾಟರಿ ಹಾಕಿ ಅಥವಾ ಚಾರ್ಜ್ ಮಾಡಿ, ಸ್ವಿಚ್ ಒತ್ತಿ. ಬ್ಲೂಟೂತ್ ಗುರುತಿರುವ ಗುಂಡಿಯನ್ನು ದೀಪ ಬೇಗಬೇಗನೆ ಮಿನುಗುವವರೆಗೆ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ವಿಂಡೋಸ್ 11 ಇರುವ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು, 'ಬ್ಲೂಟೂತ್ ಅಂಡ್ ಡಿವೈಸಸ್' ವಿಭಾಗದಲ್ಲಿ 'ಆ್ಯಡ್ ಡಿವೈಸ್' ಆಯ್ದುಕೊಳ್ಳಿ. ಪಟ್ಟಿಯಲ್ಲಿ ಕೀಲಿಮಣೆಯ ಹೆಸರು ಕಂಡಾಗ ಅದನ್ನು ಒತ್ತಿ. ಪರದೆಯ ಮೇಲೆ ಅಂಕಿಗಳು ಮೂಡಿದರೆ ಅವನ್ನು ಹೊಸ ಕೀಲಿಮಣೆಯಲ್ಲೇ ಟೈಪ್ ಮಾಡಿ ಎಂಟರ್ ಒತ್ತಬೇಕು. ಒಮ್ಮೆ ಜೋಡಿಯಾದರೆ ಸಾಮಾನ್ಯವಾಗಿ ಮುಂದೆ ತಾನಾಗಿಯೇ ಸೇರಿಕೊಳ್ಳುತ್ತದೆ.

ಹೆಸರು ಕಾಣದಿದ್ದರೆ ಗಾಬರಿ ಬೇಡ. ಅದು ಹತ್ತಿರದ ಫೋನಿಗೋ ಇನ್ನೊಂದು ಕಂಪ್ಯೂಟರಿಗೋ ಮೊದಲೇ ಜೋಡಿಯಾಗಿರಬಹುದು. ಆ ಉಪಕರಣದ ಬ್ಲೂಟೂತ್ ಆರಿಸಿ ಮತ್ತೆ ಪ್ರಯತ್ನಿಸಿ. ಜೋಡಿಯಾದ ಮೇಲೂ ತಡವರಿಸಿದರೆ ಪಟ್ಟಿಯಿಂದ ಹೆಸರು ತೆಗೆದುಹಾಕಿ ಮೊದಲಿನಿಂದ ಜೋಡಿಸಿ.

ಇಡುವುದು ಹೇಗೆ?

ಜೋಡಿಸಿದ ಮಾತ್ರಕ್ಕೆ ನೋವು ಹೋಗದು. ಲ್ಯಾಪ್‌ಟಾಪ್ ಅಡಿಯಲ್ಲಿ ದಪ್ಪ ಪುಸ್ತಕಗಳನ್ನಿಟ್ಟು ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಪರದೆ ಒಂದು ತೋಳಿನಳತೆ ದೂರವಿರಲಿ. ಕೀಲಿಮಣೆ ಮೊಣಕೈ ಮಟ್ಟದಲ್ಲಿರಲಿ, ಮಣಿಕಟ್ಟು ನೇರವಾಗಿರಲಿ. ಮೌಸ್ ಕೂಡ ಪ್ರತ್ಯೇಕವಾಗಿ ಕೀಲಿಮಣೆಯ ಪಕ್ಕದಲ್ಲೇ ಇರಲಿ. ಇಲ್ಲವಾದರೆ ಕೈ ಮತ್ತೆ ಎತ್ತರದ ಲ್ಯಾಪ್‌ಟಾಪ್‌ ಕಡೆಗೇ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಬ್ಲೂಟೂತ್ ಅಲೆಗಳಿಂದ ಅಪಾಯವಿದೆಯೇ ಎಂಬ ಶಂಕೆ ಕೆಲವರಿಗಿದೆ. ಕೀಲಿಮಣೆ ಹೊರಸೂಸುವುದು ಕೆಲವೇ ಮಿಲಿವ್ಯಾಟ್ ಶಕ್ತಿಯ ರೇಡಿಯೋ ಅಲೆ. ಅದಕ್ಕೆ ಹೆದರಬೇಕಾಗಿಲ್ಲ, ಹೆದರಬೇಕಾದದ್ದು ಗಂಟೆಗಟ್ಟಲೆ ಬಾಗಿದ ಕತ್ತಿಗೆ.

ವೈದ್ಯರನ್ನು ಯಾವಾಗ ಕಾಣಬೇಕು?

ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಬಂದು ರಾತ್ರಿ ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ನೋವು ಕತ್ತಿನಿಂದ ತೋಳಿಗಿಳಿದರೆ, ಕೈಯ ಹಿಡಿತ ಸಡಿಲವಾಗಿ ಲೋಟ ಜಾರುತ್ತಿದ್ದರೆ ತಡಮಾಡಬೇಡಿ. ನಡಿಗೆ ತಪ್ಪಿದರೆ ಅಥವಾ ಮಲಮೂತ್ರ ಹತೋಟಿ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ. ಬಹಳ ಕಾಲ ಒತ್ತಡಕ್ಕೆ ಸಿಕ್ಕಿದ ನರ ಪೂರ್ತಿ ಚೇತರಿಸಿಕೊಳ್ಳದಿರಬಹುದು. ಅಂಥ ಸಂದರ್ಭದಲ್ಲಿ ಮೇಜು ಸರಿಪಡಿಸುವುದಷ್ಟೇ ಸಾಲದು, ಚಿಕಿತ್ಸೆಯೂ ಬೇಕು.