ಆ್ಯಪ್‌ಗೆ ಹಾರ್ಮೋನು ಕಾಣುವುದಿಲ್ಲ

ಮುಟ್ಟಿನ ದಿನಾಂಕ ತುಂಬಿದರೆ ಸಾಕು, ಮೊಬೈಲ್ ಆ್ಯಪ್ ಕ್ಯಾಲೆಂಡರಿನ ಒಂದು ದಿನಕ್ಕೆ ಬಣ್ಣದ ಚುಕ್ಕೆ ಇಟ್ಟು ‘ಇವತ್ತು ಅಂಡೋತ್ಪತ್ತಿ’ ಎಂದುಬಿಡುತ್ತದೆ. ಅಂಡಾಶಯದಲ್ಲಿ ಏನು ನಡೆದಿದೆಯೋ ಅದಕ್ಕೇನು ಗೊತ್ತು? ಬರೀ ದಿನಾಂಕ ಕೇಳುವ ಆ್ಯಪ್‌ನದು ಸರಾಸರಿ ಲೆಕ್ಕ: ಹಿಂದಿನ ಚಕ್ರಗಳನ್ನು ನೋಡಿ ಮುಂದಿನ ಮುಟ್ಟನ್ನು ಊಹಿಸುವುದು, ಅಲ್ಲಿಂದ ಸುಮಾರು 14 ದಿನ ಹಿಂದಕ್ಕೆ ಎಣಿಸುವುದು.

ಮೈ ಅಷ್ಟು ಶಿಸ್ತಿನದಲ್ಲ. ಆರು ಲಕ್ಷಕ್ಕೂ ಹೆಚ್ಚು ಚಕ್ರಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದರಲ್ಲಿ (ಮಾಹಿತಿ ಕೊಟ್ಟದ್ದೂ ಒಂದು ಆ್ಯಪ್ಪೇ!) ಸರಿಯಾಗಿ 28 ದಿನದ ಚಕ್ರಗಳು ಶೇ 13 ಮಾತ್ರ. ಅಂಡ ಬಿಡುಗಡೆಗೆ ಮುಂಚಿನ ಅವಧಿಯೇ ಹೆಚ್ಚು ಹಿಗ್ಗಿ ಕುಗ್ಗುವುದು. ದಿನಾಂಕ ನೆಚ್ಚಿದ ಆ್ಯಪ್‌ಗಳು ಅಂಡೋತ್ಪತ್ತಿಯ ದಿನವನ್ನು ನಿಖರವಾಗಿ ಹೇಳಿದ್ದು ಹೆಚ್ಚೆಂದರೆ ಶೇ 21ರಷ್ಟು ಸಲ ಎಂದು 2018ರ ಇನ್ನೊಂದು ಅಧ್ಯಯನ ಕಂಡುಕೊಂಡಿತು.

ಮೈಯ ಬಿಸಿ ಅಳೆಯುವ ಆ್ಯಪ್‌ಗಳು ಒಂದು ಹೆಜ್ಜೆ ಮುಂದೆ. ಹಿಗ್ಸ್ ಬೋಸಾನ್ ಕಣದ ಶೋಧದಲ್ಲಿ ತೊಡಗಿದ್ದ ಭೌತವಿಜ್ಞಾನಿ ಎಲಿನಾ ಬರ್ಗ್‌ಲುಂಡ್ ಕಟ್ಟಿದ, ಗರ್ಭ ತಡೆಯಲೆಂದು ಬಳಸುವ ‘ನ್ಯಾಚುರಲ್ ಸೈಕಲ್ಸ್’ ಅಂಥದ್ದು. ಅಂಡ ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಏರಿ, ಮೈಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚುತ್ತದೆ. ಅಂದರೆ ಥರ್ಮಾಮೀಟರ್ ತಿಳಿಸುವುದು ಆಗಿಹೋದ ಸುದ್ದಿಯನ್ನು, ಮುಂದಿನದೇನಿದ್ದರೂ ಅಂದಾಜೇ. 2017ರ ಕೊನೆಯ ನಾಲ್ಕು ತಿಂಗಳಲ್ಲಿ ಸ್ಟಾಕ್‌ಹೋಮ್‌ನ ಆಸ್ಪತ್ರೆಯೊಂದಕ್ಕೆ ಗರ್ಭಪಾತಕ್ಕಾಗಿ ಬಂದ 668 ಮಹಿಳೆಯರಲ್ಲಿ 37 ಮಂದಿ ಈ ಆ್ಯಪ್ ಬಳಸುತ್ತಿದ್ದವರು. ಹಗರಣವೆಂದು ಕೂಗೆದ್ದಿತು. ಆದರೆ ಸ್ವೀಡನ್ನಿನ ಔಷಧ ನಿಯಂತ್ರಕರು ತನಿಖೆ ನಡೆಸಿ, ಬೇಡದ ಗರ್ಭಗಳ ಪ್ರಮಾಣ ಕಂಪನಿ ತಾನೇ ಹೇಳಿಕೊಂಡ ಮಿತಿಯೊಳಗೇ ಇದೆ ಎಂದರು. ಸಾಮಾನ್ಯ ಬಳಕೆಯಲ್ಲಿ ಶೇ 93 ಪರಿಣಾಮಕಾರಿ ಎಂದರೆ, ವರ್ಷಕ್ಕೆ ನೂರರಲ್ಲಿ ಏಳು ಮಂದಿ ಗರ್ಭಿಣಿಯರಾಗುತ್ತಾರೆ ಎಂದೇ. ಜಾಹೀರಾತಿನಲ್ಲಿ ಈ ಏಳು ಮಂದಿ ಯಾರ ಕಣ್ಣಿಗೂ ಬೀಳುವುದಿಲ್ಲ.

ನನಗೆ ಹೆಚ್ಚು ಕಳವಳ ಪಿಸಿಒಡಿ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಇರುವವರದ್ದು. ಮುಟ್ಟು ಏರುಪೇರಾದವರೇ ಆ್ಯಪ್‌ನ ಮೊರೆಹೋಗುವುದು, ಅದು ಎಡವುವುದೂ ಅವರ ವಿಷಯದಲ್ಲೇ. ಮೂತ್ರದಲ್ಲಿ ಅದ್ದಿದ ಪಟ್ಟಿಯನ್ನು ಫೋನ್ ಕ್ಯಾಮೆರಾಕ್ಕೆ ಹಿಡಿದರೆ, ಅಂಡ ಬಿಡುಗಡೆಗೆ ತುಸು ಮುಂಚೆ ಏರುವ ಎಲ್‌ಎಚ್ ಹಾರ್ಮೋನಿನ ಗೆರೆಯನ್ನು ಓದುವ ಆ್ಯಪ್‌ಗಳೂ ಇವೆ. ಪಿಸಿಒಡಿಯಲ್ಲಿ ಎಲ್‌ಎಚ್ ಹಲವರಿಗೆ ಮೊದಲೇ ಹೆಚ್ಚಿರುತ್ತದೆ. ಗೆರೆ ಗಾಢವಾಗಿ ಮೂಡುತ್ತದೆ, ಅಂಡ ಮಾತ್ರ ಬಿಡುಗಡೆಯಾಗಿರುವುದಿಲ್ಲ.

ದಿನಾಂಕ ಬರೆದಿಡಲು ಆ್ಯಪ್ ಒಳ್ಳೆಯದೇ. ‘ಕೊನೆಯ ಮುಟ್ಟು ಯಾವಾಗ?’ ಎಂದು ಡಾಕ್ಟರು ಕೇಳಿದಾಗ ತಡವರಿಸಬೇಕಿಲ್ಲ. ಆದರೆ ಮೂರು ತಿಂಗಳು ಮುಟ್ಟಾಗದಿದ್ದರೆ ಚುಕ್ಕೆ ಮುಂದೆ ಸರಿಯುವುದನ್ನು ಕಾಯುತ್ತ ಕೂರಬೇಡಿ. ಡಾಕ್ಟರು ಮೊದಲು ಗರ್ಭ ನಿಂತಿದೆಯೇ ನೋಡುತ್ತಾರೆ, ಆಮೇಲೆ ಥೈರಾಯ್ಡ್, ಪ್ರೊಲ್ಯಾಕ್ಟಿನ್‌ಗೆ ರಕ್ತಪರೀಕ್ಷೆ ಬರೆಯುತ್ತಾರೆ.